ಅತ್ತೆಯ ಹೆಸರಿಲ್ಲದ ಗಿಟಾರ್

ನಮ್ಮತ್ತೆಯ ಬಲಗೈಯ ಒಳಮಗ್ಗುಲಲ್ಲಿ, ಮೊಣಕೈಗಿಂತ ತುಸು ಕೆಳಗೆ, ಒಂದು ಕಪ್ಪು ಗೆರೆ ಇತ್ತು. ಬಿಗಿಯಾದ ಬಳೆಯೊಂದು ಅಷ್ಟು ಮೇಲಕ್ಕೆ ಏರಿ ಒತ್ತಿದರೆ ಮೂಡುವ ಗುರುತಿನ ಹಾಗೆ, ಆದರೆ ಅರ್ಧ ಸುತ್ತು ಮಾತ್ರ. ಚಪಾತಿ ಲಟ್ಟಿಸುವಾಗ, ನನ್ನ ತಲೆ ಬಾಚುವಾಗ ಸೆರಗು ಸರಿದರೆ ಅದು ಕಾಣುತ್ತಿತ್ತು. ಯಾರೋ ಬರೆ ಎಳೆದಿರಬೇಕು ಎಂದು ಚಿಕ್ಕಂದಿನಲ್ಲಿ ನಾನು ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಅತ್ತೆ ಆ ಗೆರೆಯನ್ನು ಸವರಿಕೊಂಡು ನಕ್ಕರು.

“ಇದು ಗಿಟಾರ್ ಒತ್ತಿದ್ದು ಕಣೇ. ಅದರ ಅಂಚು ಇಲ್ಲೇ ಕೂತ್ಕೊಳ್ಳೋದು. ಎಂಟು ಹತ್ತು ವರ್ಷ ಕೂತಿತ್ತು, ಜಾಗ ಮಾಡ್ಕೊಂಡ್ಬಿಡ್ತು.”

ಅತ್ತೆ ಎಂದರೆ ನಮ್ಮಪ್ಪನ ಒಬ್ಬಳೇ ತಂಗಿ. ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ತಾತ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಕಾಫಿ ಕುಡಿಯುವಂತಿರಲಿಲ್ಲ, ಆದರೆ ಹಾಡು ಮಾತ್ರ ಯಾವ ಹೊತ್ತಿನಲ್ಲಿ ಬೇಕಾದರೂ ಆಗಬಹುದಿತ್ತು. ಅರಸೀಕೆರೆಯಲ್ಲಿ ರೈಲ್ವೆ ಗಾರ್ಡ್ ಆಗಿದ್ದ ಆಂಗ್ಲೋ ಇಂಡಿಯನ್ ಒಬ್ಬರು ನಮ್ಮ ತಾತನಿಗೆ ಸ್ನೇಹಿತರು. ನಾಟಕವೆಂದರೆ ಅವರಿಗೆ ಪ್ರಾಣ. ಅವರು ಮಕ್ಕಳ ಜೊತೆ ಇರಲು ದೇಶ ಬಿಟ್ಟು ಹೋಗುವಾಗ ತಮ್ಮ ಗಿಟಾರನ್ನು ತಾತನ ಕೈಗೆ ಕೊಟ್ಟು ಹೋದರಂತೆ. ತಾತನಿಗೆ ಅದನ್ನು ಹೇಗೆ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಹೈಸ್ಕೂಲಿಗೆ ಹೋಗುತ್ತಿದ್ದ ಅತ್ತೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು, ಮತ್ತೆ ಕೆಳಗೆ ಇಡಲಿಲ್ಲ. ತಾತ ಹಾರ್ಮೋನಿಯಂನಲ್ಲಿ ಒಂದು ಸ್ವರ ಹಿಡಿದರೆ ಅದನ್ನೇ ಈ ತಂತಿಗಳ ಮೇಲೆ ಹುಡುಕುತ್ತಾ ಹುಡುಕುತ್ತಾ ಕಲಿತರು. ಬೇರೆ ಗುರು ಇರಲಿಲ್ಲ.

ಅದು ಎಲ್ಲರೂ ನೋಡಿರುವಂಥ ಗಿಟಾರ್ ಅಲ್ಲ. ಮಾಮೂಲಿ ಗಿಟಾರಿನ ಮುಖ ಚಪ್ಪಟೆ, ನಡುವೆ ಒಂದು ದುಂಡನೆಯ ತೂತು. ಇದರ ಮುಖ ಪಿಟೀಲಿನಂತೆ ಉಬ್ಬಿರುತ್ತದೆ, ಪಿಟೀಲಿಗಿರುವ ಹಾಗೆಯೇ ಎರಡು ಕಡೆ ಎರಡು ಬಳುಕಿದ ಸೀಳು. ಆರ್ಚ್‌ಟಾಪ್ ಅನ್ನುತ್ತಾರೆ. ಒಳ್ಳೆಯದಾದರೆ ದಪ್ಪ ಹಲಗೆಯನ್ನು ಕೆತ್ತಿ ಕೆತ್ತಿ ಆ ಉಬ್ಬನ್ನು ತಂದಿರುತ್ತಾರೆ. ಅಗ್ಗದ್ದಾದರೆ ಪ್ಲೈವುಡ್ಡನ್ನು ಒತ್ತಿ ಬಗ್ಗಿಸಿರುತ್ತಾರೆ. ಅತ್ತೆಯದು ಕೆತ್ತಿದ್ದು. ಕಲ್ಕತ್ತಾದ ಯಾರೋ ಮಾಡಿದ್ದು ಎಂದಷ್ಟೇ ಗಾರ್ಡ್ ಹೇಳಿದ್ದರು. ಅದರ ಮೇಲೆ ಹೆಸರಿರಲಿಲ್ಲ, ಒಳಗೆ ಚೀಟಿಯೂ ಇರಲಿಲ್ಲ.

ಅತ್ತೆ ಆಮೇಲೆ ತುಮಕೂರಿನ ಒಂದು ಆರ್ಕೆಸ್ಟ್ರಾ ಸೇರಿದರು. ಸೀರೆಯುಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆಗೆ ವಿಭೂತಿ ಇಟ್ಟು ಗಿಟಾರ್ ನುಡಿಸುವ ಹೆಂಗಸನ್ನು ನೋಡುವುದಕ್ಕೇ ಗಣಪತಿ ಪೆಂಡಾಲುಗಳ ಮುಂದೆ ಜನ ಸೇರುತ್ತಿದ್ದರಂತೆ. ಅದೇ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ನಮ್ಮ ಮಾವ, ಹಾಗಲವಾಡಿ ಕಡೆಯವರು. ಇಬ್ಬರೂ ಇಷ್ಟಪಟ್ಟು ಮದುವೆಯಾದರು. ಮಾವನ ಕೈ ಸುಮ್ಮನಿರುತ್ತಿರಲಿಲ್ಲ, ಏನಾದರೂ ಬಿಚ್ಚುವುದು, ಜೋಡಿಸುವುದು. ಸಿ.ಎಸ್. ಪುರದ ಒಂದು ಮದುವೆ ಚಪ್ಪರದಲ್ಲಿ ಯಾರೋ ಎಡವಿ ಗಿಟಾರಿನ ಮೇಲೆ ಬಿದ್ದು ಅದರ ಮುಖ ಬಿರುಕು ಬಿಟ್ಟಿತು. ಅತ್ತೆ ಊಟ ಬಿಟ್ಟು ಕೂತರು. ತಾತ ಆಗಷ್ಟೇ ತೀರಿಕೊಂಡಿದ್ದರು, ಅವರ ಹಾರ್ಮೋನಿಯಂ ಗೆದ್ದಲು ತಿಂದು ಮೂಲೆ ಸೇರಿತ್ತು. ಮಾವ ಅದರಲ್ಲಿ ಗಟ್ಟಿಯಾಗಿ ಉಳಿದಿದ್ದ ಕಡೆಯಿಂದ ಒಂದು ಸಣ್ಣ ಪಟ್ಟಿ ಕುಯ್ದು, ಬಗ್ಗಿಸಿದ ತಂತಿಯ ತುದಿಯಲ್ಲಿ ಅದನ್ನು ಗಿಟಾರಿನ ಸೀಳಿನೊಳಗೆ ತೂರಿಸಿ, ಬಿರುಕಿನ ಹಿಂದೆ ಅಂಟಿಸಿದರು. ಆ ಪಟ್ಟಿಯಲ್ಲಿ ಹಾರ್ಮೋನಿಯಂನ ಎರಡು ಮೊಳೆಯ ತೂತು ಹಾಗೇ ಉಳಿದಿದ್ದವು. “ನಿಮ್ಮಪ್ಪನೂ ನಮ್ ಜೊತೆ ಪ್ರೋಗ್ರಾಮಿಗೆ ಬರ್ತಾರೆ ಬಿಡು” ಎಂದರಂತೆ. ಅತ್ತೆ ಇದನ್ನು ಹೇಳುವಾಗಲೆಲ್ಲ ಮಾವನ ಹಾಗೆಯೇ ಧ್ವನಿ ತೆಗೆಯುತ್ತಿದ್ದರು.

ನನಗಿನ್ನೂ ಮಾತು ಸರಿಯಾಗಿ ಬಾರದ ಕಾಲದಲ್ಲಿ ಆದದ್ದು ಮುಂದಿನದು. ಅಪ್ಪ ಹೇಳಿ ಗೊತ್ತು. ಹುಲಿಯೂರುದುರ್ಗದ ಕಡೆ ಒಂದು ಆರತಕ್ಷತೆಯಲ್ಲಿ ನುಡಿಸಿ, ಅಲ್ಲೇ ಮಲಗಿದ್ದು, ಬೆಳಗಿನ ಜಾವ ವ್ಯಾನಿನಲ್ಲಿ ಹೊರಟಿದ್ದರು. ಕುಣಿಗಲ್ ದಾಟಿ ತುಮಕೂರಿನ ರಸ್ತೆಗೆ ಬಂದ ಮೇಲೆ ಮಂಜಿನಲ್ಲಿ ಎದುರಿನಿಂದ ಬಂದ ಲಾರಿ ವ್ಯಾನಿಗೆ ಗುದ್ದಿತು. ಮಾವ ಹೋದರು. ಸ್ಥಳದಲ್ಲೇ ಹೋದರು, ನೋವೇ ಗೊತ್ತಾಗಿರಲಿಕ್ಕಿಲ್ಲ ಎಂದು ಎಲ್ಲರೂ ಹೇಳಿದರು. ಅತ್ತೆಗೆ ಪ್ರಜ್ಞೆ ಬಂದದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ಮಾವನನ್ನು ಮಣ್ಣು ಮಾಡಿ ಆಗಿತ್ತು. ಅತ್ತೆಯ ಎಡಗೈಯ ಎರಡು ಬೆರಳು, ಮಧ್ಯದ್ದು ಮತ್ತು ಉಂಗುರದ್ದು, ನುಜ್ಜಾಗಿದ್ದವು. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಗಿಟಾರ್ ಏನಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಅಪ್ಪ ಪೊಲೀಸ್ ಠಾಣೆಗೆ ವಿಚಾರಿಸಲು ಹೋದಾಗ ಅಲ್ಲಿ ಕೀಬೋರ್ಡು, ಡ್ರಮ್ಮು ಎಲ್ಲ ಪುಡಿಯಾಗಿ ಬಿದ್ದಿದ್ದವು. ಗಿಟಾರಿನ ಪೆಟ್ಟಿಗೆಯ ಒಂದು ತುಂಡೂ ಸಿಕ್ಕಲಿಲ್ಲ.

ಅತ್ತೆ ತುಮಕೂರಿನ ಸೋಮೇಶ್ವರಪುರದ ನಮ್ಮ ಮನೆಗೆ ಬಂದು ಉಳಿದರು. ವರ್ಷ ಕಳೆದ ಮೇಲೆ ಎದುರು ಮನೆಯ ಹುಡುಗಿಯೊಬ್ಬಳು ಒಂದು ಅಗ್ಗದ ಗಿಟಾರ್ ಹಿಡಿದು ಬಂದು “ಆಂಟಿ, ಹೇಳ್ಕೊಡ್ತೀರಾ?” ಎಂದಳು. ಬೇಡ ಅನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಹಾಗೆ ಶುರುವಾದ ಪಾಠ ಕೊನೆಯವರೆಗೆ ನಡೆಯಿತು. ಎಡಗೈಯಲ್ಲಿ ತೋರಿಸಲು ಆಗದ್ದರಿಂದ ಮಕ್ಕಳ ಎದುರು ಕೂತು, ತಮ್ಮ ಬಲಗೈಯಿಂದ ಅವರ ಬೆರಳುಗಳನ್ನು ಒಂದೊಂದಾಗಿ ತಂತಿಯ ಮೇಲೆ ಕೂರಿಸುತ್ತಿದ್ದರು. ಸ್ವರವನ್ನು ಬಾಯಲ್ಲಿ ಹೇಳುತ್ತಿದ್ದರು. ನಾನು ಕಲಿತದ್ದೂ ಹಾಗೇ. ನನ್ನ ಬೆರಳಿಗೆ ಗೊತ್ತಿರುವುದೆಲ್ಲ ಅವರ ಬೆರಳು ಒತ್ತಿ ಒತ್ತಿ ಗೊತ್ತಾದದ್ದು.

ಕುಣಿಗಲ್ ದಿಕ್ಕಿಗೆ ಮಾತ್ರ ಅವರು ತಲೆ ಹಾಕುತ್ತಿರಲಿಲ್ಲ. ಅಲ್ಲಿ ನೆಂಟರ ಮದುವೆಯಾದರೆ ಮುಯ್ಯಿಯನ್ನು ಅಪ್ಪನ ಕೈಯಲ್ಲಿ ಕಳಿಸುತ್ತಿದ್ದರು. ಹಾಸನಕ್ಕೆ ಹೋಗಬೇಕಾದರೂ ತಿಪಟೂರು, ಅರಸೀಕೆರೆ ಸುತ್ತಿ ಹೋಗುವುದೇ.

ಹಳೆಯ ಗಿಟಾರ್ ಕೊಳ್ಳುವ ಮುಂಚೆ ಅತ್ತೆಗೆ ತೋರಿಸುವ ಪದ್ಧತಿ ಹೇಗೆ ಬೆಳೆಯಿತೋ ಕಾಣೆ. ಊರಲ್ಲಿ ಗಿಟಾರ್ ಹಿಡಿಯುವವರು ಹೆಚ್ಚಿದ ಹಾಗೆ ಫೋನಿನಲ್ಲಿ ಜಾಹೀರಾತು ನೋಡಿ ಕೊಳ್ಳುವವರೂ ಹೆಚ್ಚಿದರು, ಮೋಸ ಹೋಗುವವರೂ ಹೆಚ್ಚಿದರು. “ಸೋಮೇಶ್ವರಪುರದ ಮೇಡಂ ಹತ್ರ ತೋರಿಸ್ಬಿಡಿ” ಎಂದು ಮ್ಯೂಸಿಕ್ ಅಂಗಡಿಯವರೇ ಕಳಿಸುತ್ತಿದ್ದರು. ಅತ್ತೆ ಮೊದಲು ಕೈ ತೊಳೆದು ಬರುತ್ತಿದ್ದರು. ಆಮೇಲೆ ತಮ್ಮ ಕರ್ಚೀಫನ್ನು ಗಿಟಾರಿನ ತಲೆಯ ಮೇಲೆ ಹೊದಿಸಿ ಅಲ್ಲಿ ಬರೆದ ಕಂಪನಿಯ ಹೆಸರನ್ನು ಮುಚ್ಚಿಬಿಡುತ್ತಿದ್ದರು.

“ಹೆಸರು ಕಂಡ್ರೆ ಕಣ್ಣು ಸೋಮಾರಿ ಆಗ್ತದೆ. ಮೊದ್ಲು ಮರ ನೋಡೋಣ.”

ನಾನು ಹಲ್ಲಿನ ಡಾಕ್ಟರು. ಕ್ಲಿನಿಕ್ ಶುರು ಮಾಡಿದ ವರ್ಷ ಅತ್ತೆ ಬಂದು, ಬಾಯೊಳಗೆ ನೋಡುವ ಉದ್ದ ಹಿಡಿಕೆಯ ಪುಟ್ಟ ಕನ್ನಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇಂಥದ್ದೊಂದು ನನಗೆ ಕೊಡೇ. ನೀನು ಜನರ ಬಾಯಿ ನೋಡು, ನಾನು ಗಿಟಾರಿನ ಹೊಟ್ಟೆ ನೋಡ್ತೀನಿ” ಎಂದರು. ಅಂದಿನಿಂದ ಆ ಕನ್ನಡಿ, ಒಂದು ಸಣ್ಣ ಟಾರ್ಚು ಅವರ ಕೈಚೀಲದಲ್ಲಿ ವಿಭೂತಿ ಉಂಡೆಯ ಪಕ್ಕದಲ್ಲೇ ಇದ್ದವು.

ಅವರು ಕಡ್ಡಿ ತುಂಡು ಮಾಡಿದಂತೆ ಹೇಳುವವರಲ್ಲ. ಊರ್ಡಿಗೆರೆಯ ಗಂಡ ಹೆಂಡತಿ ಒಮ್ಮೆ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳ ಹುಟ್ಟುಹಬ್ಬಕ್ಕೆಂದು ಆಗಲೇ ಕೊಂಡೂ ಆಗಿತ್ತು. ಅದು ದೊಡ್ಡ ಕಂಪನಿಯದಲ್ಲ ಎಂದು ಕೈಗೆ ತೆಗೆದುಕೊಂಡ ಕೂಡಲೇ ಅತ್ತೆಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಅವರು ಏನೂ ಹೇಳದೆ ಗಿಟಾರನ್ನು ಶ್ರುತಿ ಮಾಡಿ ಆ ಹುಡುಗಿಯ ಕೈಗೆ ಕೊಟ್ಟು ನುಡಿಸಲು ಹೇಳಿದರು. ಅವಳು ಹೆದರುತ್ತಾ ನುಡಿಸಿದಳು. “ಕೇಳಿದ್ರಾ? ಸ್ವರ ಸರಿಯಾಗಿ ನಿಲ್ತಿದೆ. ಕಲಿಯೋಕೆ ಇದು ಧಾರಾಳ ಆಯ್ತು. ಮೇಲೆ ಬರ್ದಿರೋ ಹೆಸರು ಮಾತ್ರ ಇದರದ್ದಲ್ಲ, ಅದನ್ನ ನೀವೂ ಮರ್ತುಬಿಡಿ” ಎಂದರು. ಹುಡುಗಿಯ ಅಪ್ಪನ ಮುಖ ಸಣ್ಣದಾಯಿತು. ಮಗಳ ಮುಖ ಆಗಲಿಲ್ಲ. ಅತ್ತೆ ನೋಡುತ್ತಿದ್ದದ್ದು ಅವಳನ್ನೇ.

ಯಾರಾದರೂ ಆರ್ಚ್‌ಟಾಪ್ ಮಾರಾಟಕ್ಕಿದೆ ಎಂದರೆ ಮಾತ್ರ ಅತ್ತೆ ಕಾಯುತ್ತಿರಲಿಲ್ಲ, ತಾವೇ ಹೊರಡುತ್ತಿದ್ದರು. ಬೆಂಗಳೂರು, ಮೈಸೂರು, ಒಮ್ಮೆ ಹುಬ್ಬಳ್ಳಿಗೂ ಹೋಗಿದ್ದುಂಟು. ಕನ್ನಡಿ ಒಳಗೆ ತೂರಿಸಿ, ಬಿರುಕಿನ ಜಾಗ ನೋಡಿ, ಹೊರಗೆಳೆದು, “ಚೆನ್ನಾಗಿದೆ, ತಗೊಳ್ಳಿ” ಎಂದೋ “ಬೇಡ” ಎಂದೋ ಹೇಳಿ ಬರುವುದು. ಅವರು ಏನು ಹುಡುಕುತ್ತಿದ್ದಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಅಪ್ಪ ಒಬ್ಬರೇ, ತೀರಿಕೊಳ್ಳುವ ಮುಂಚೆ ನನಗೆ ಹೇಳಿದ್ದರು: “ಅವಳು ಎಲ್ಲಿಗೆ ಹೊರಟ್ರೂ ಬೇಡ ಅನ್ಬೇಡ. ಜೊತೆಗೆ ಹೋಗು.”

ಕಳೆದ ವರ್ಷ ಬೇಸಿಗೆಯಲ್ಲಿ ನನ್ನ ಫೋನಿನಲ್ಲಿ ಒಂದು ಜಾಹೀರಾತು ಬಂತು. ಹಳೆಯ ಆರ್ಚ್‌ಟಾಪ್, ಅಮೆರಿಕದ ಹೆಸರಾಂತ ಕಂಪನಿಯದು, ತಂತಿಗಳಿಲ್ಲ, ಇದ್ದ ಹಾಗೆ ಮಾರಾಟಕ್ಕಿದೆ ಎಂದಿತ್ತು. ಒಂದೇ ಫೋಟೋ. ತಿಂಡಿ ತಿನ್ನುತ್ತಿದ್ದ ಅತ್ತೆಗೆ ತೋರಿಸಿದೆ. ಅವರು ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡು, ಫೋಟೋವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದರು.

“ಬಣ್ಣ ಕಪ್ಪಾಯ್ತು. ನಂದು ಜೇನುತುಪ್ಪದ ಬಣ್ಣ ಇತ್ತು,” ಎಂದರು. ತುಸು ಹೊತ್ತಿನ ಮೇಲೆ, “ಎಲ್ಲಂತೆ?”

“ಕುಣಿಗಲ್ ಅತ್ತೆ.”

ಫೋನನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಆ ದಿನ ಅದರ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುದಿನ ಭಾನುವಾರ. ಪೂಜೆ ಮುಗಿಸಿ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಕಾರ್ ತೆಗಿ. ಹೋಗ್ಬರೋಣ.”

ಗೂಳೂರು ದಾಟಿದೆವು, ಹೆಬ್ಬೂರು ದಾಟಿದೆವು. ಕುಣಿಗಲ್ ಇನ್ನು ಸ್ವಲ್ಪ ದೂರ ಇದೆ ಅನ್ನುವಾಗ ಅತ್ತೆ ನಿಲ್ಲಿಸಲು ಹೇಳಿದರು. ಇಳಿದು ರಸ್ತೆಯ ಪಕ್ಕ ನಿಂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು. ನಾನು ಹತ್ತಿರ ಹೋಗಿ ಅವರ ಹೆಗಲ ಮೇಲೆ ಕೈ ಇಟ್ಟೆ.

“ಯಾವ ಜಾಗ ಅಂತ ಗೊತ್ತಾಗ್ತಿಲ್ಲ ಕಣೇ,” ಎಂದರು. “ರಸ್ತೆ ಅಗಲ ಮಾಡ್ಬಿಟ್ಟವ್ರೆ. ನೋಡಿದ್ ತಕ್ಷಣ ಗೊತ್ತಾಗ್ಬಿಡುತ್ತೆ ಅಂತ ಹೆದ್ರಿ ಇಷ್ಟು ವರ್ಷ ಬರ್ಲಿಲ್ಲ. ಗೊತ್ತೇ ಆಗ್ತಿಲ್ಲ ನೋಡು.”

ಜಾಹೀರಾತು ಕೊಟ್ಟ ಮನೆ ಕುಣಿಗಲ್‌ನ ದೊಡ್ಡಕೆರೆಯ ಹತ್ತಿರದ ಒಂದು ಗಲ್ಲಿಯಲ್ಲಿತ್ತು. ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಯುವಕ ಬಾಗಿಲು ತೆರೆದ. ಜಗುಲಿಯ ಮೇಲೆ ಅವನ ತಂದೆ ಕೂತಿದ್ದರು, ಬಹಳ ವಯಸ್ಸಾದವರು. ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು ಎಂದು ಮಗ ಹೇಳಿದ. ಅವರು ನಮಗೆ ಕೈ ಮುಗಿದರು.

ಯುವಕ ಒಳಗಿನಿಂದ ಗಿಟಾರ್ ತಂದು ಚಾಪೆಯ ಮೇಲೆ ಇಟ್ಟ. ಅತ್ತೆ ಕೈ ತೊಳೆಯಲು ನೀರು ಕೇಳಿದರು. ಬಂದು ಕೂತು, ಎಂದಿನಂತೆ ಕರ್ಚೀಫ್ ತೆಗೆದು ಅದರ ತಲೆಯ ಮೇಲೆ ಹೊದಿಸಿದರು.

“ಅದೇ ಮೇಡಂ ಮೇನು, ಬ್ರ್ಯಾಂಡು,” ಎಂದ ಅವನು. “ಒಳಗೂ ಲೇಬಲ್ ಇದೆ. ಪಕ್ಕಾ ಒರಿಜಿನಲ್.”

“ನೋಡೋಣಪ್ಪ, ಇರು.”

ಅವರು ಮೊದಲು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅದರ ಕತ್ತು ನೆಟ್ಟಗಿದೆಯೋ ನೋಡಿದರು. ತಂತಿ ಬಿಗಿಯುವ ಬಿರಡೆಗಳು ಆಮೇಲೆ ಹಾಕಿದವೋ ಎಂದು ಅವುಗಳ ಹಿಂದಿನ ಸ್ಕ್ರೂ ಗುರುತು ನೋಡಿದರು. ಸೀಳಿನ ಹತ್ತಿರ ಮೂಗು ಒಯ್ದು ವಾಸನೆ ನೋಡಿದರು. ಆಮೇಲೆ ಟಾರ್ಚ್ ಹಾಕಿ ಸೀಳಿನ ಅಂಚನ್ನು ನೋಡಿದರು. ಪ್ಲೈವುಡ್ ಆದರೆ ಅಲ್ಲಿ ಪದರ ಪದರ ಕಾಣುತ್ತದೆ. ಇದರಲ್ಲಿ ಮುಖದ ಮೇಲಿನ ಮರದ ಗೆರೆ ಅಂಚಿನಲ್ಲೂ ಹಾಗೇ ಇಳಿದು ಒಳಗೆ ಹೋಗಿತ್ತು.

“ಕೆತ್ತಿದ್ದು,” ಎಂದರು, ನನಗೆ ಮಾತ್ರ ಕೇಳುವ ಹಾಗೆ.

ಕನ್ನಡಿ ಒಳಗೆ ಹೋಯಿತು. ಚೀಟಿ ಕಂಡಿತು. ಹಳೆಯದಾಗಿ ಕಾಣಲೆಂದು ಅದಕ್ಕೆ ಟೀ ಡಿಕಾಕ್ಷನ್ ಬಳಿದಂತಿತ್ತು. ಸುತ್ತಲೂ ಅಂಟು ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು.

“ಮರ ಹಳೇದಪ್ಪ. ಚೀಟಿ ಮೊನ್ನೆದು,” ಎಂದರು ಅತ್ತೆ.

ಅವನು ನೆಲ ನೋಡಿದ. “ಫ್ರೆಂಡ್ ಒಬ್ಬ ಪ್ರಿಂಟ್ ತೆಗ್ಸಿ ಕೊಟ್ಟ ಮೇಡಂ. ಪಾಲಿಶೂ ಅವ್ನೇ ಹೊಡ್ಸಿದ್ದು. ಹಿಂಗ್ ಹಾಕಿದ್ರೆ ಬೇಗ ಹೋಗುತ್ತೆ ಅಂದ.”

ಅಷ್ಟರಲ್ಲಿ ಅತ್ತೆಯ ಕನ್ನಡಿ ಇನ್ನೊಂದು ಕಡೆಗೆ ತಿರುಗಿತ್ತು, ಮುಖದ ಒಳಮೈ ಕಡೆಗೆ. ಕನ್ನಡಿ ಮರಕ್ಕೆ ತಾಗಿ ಟಿಕ್ ಟಿಕ್ ಅನ್ನುತ್ತಿತ್ತು. ಅತ್ತೆ ಅದನ್ನು ಹೊರಗೆಳೆದು ನನಗೆ ಕೊಟ್ಟರು.

“ನೀನು ನೋಡು. ಏನ್ ಕಾಣ್ತಿದೆ ಹೇಳು.”

ನಾನು ದಿನವೂ ಹಿಡಿಯುವಂಥದೇ ಕನ್ನಡಿ. ಒಳಗೆ ತೂರಿಸಿ ಬೆಳಕು ಹಿಡಿದೆ. ಬಿಳಿ ಮರದ ಮೇಲೆ ಒಂದು ಕೆಂಪು ಮರದ ಪಟ್ಟಿ, ಬೆರಳುದ್ದದ್ದು.

“ಒಂದು ಪಟ್ಟಿ ಇದೆ ಅತ್ತೆ.”

“ಅದ್ರಲ್ಲಿ?”

“ಎರಡು ತೂತು.”

ಅತ್ತೆ ಚಾಪೆಯ ಮೇಲೆ ಹಿಂದಕ್ಕೆ ಸರಿದು ಗೋಡೆಗೆ ಒರಗಿದರು. ಆಮೇಲೆ ಆ ಯುವಕನಿಗೆ ಹೇಳಿದರು:

“ನೀನು ಬರ್ದಿರೋ ಕಂಪನಿದಲ್ಲಪ್ಪ ಇದು. ಇದಕ್ಕೆ ಹೆಸರಿಲ್ಲ. ಚೀಟಿ ಸುಳ್ಳು, ಗಿಟಾರ್ ಸುಳ್ಳಲ್ಲ. ಇದು ನಂದು.”

“ಏನ್ ಮೇಡಂ, ಹಂಗಂದ್ರೆ ಏನರ್ಥ? ಇಷ್ಟ ಇಲ್ಲ ಅಂದ್ರೆ ಬಿಡಿ. ನಿಮ್ದು ಅಂತ ಹೇಳ್ಬುಟ್ರೆ ಆಗೋಯ್ತಾ?” ಅವನ ಧ್ವನಿ ಏರಿತು.

“ಲೇ, ಸುಮ್ಕಿರ್ಲಾ.”

ಜಗುಲಿಯ ಮೇಲಿದ್ದ ಮುದುಕರು ಎದ್ದು ಬಾಗಿಲಿಗೆ ಬಂದಿದ್ದರು. ಅವರು ಅತ್ತೆಯ ಮುಖ ನೋಡಲಿಲ್ಲ, ಮಡಿಲಲ್ಲಿದ್ದ ಎಡಗೈ ನೋಡುತ್ತಿದ್ದರು. ನೆಟ್ಟಗೆ ನಿಂತಿದ್ದ ಆ ಎರಡು ಬೆರಳು.

“ವ್ಯಾನ್ನಾಗಿದ್ದ ಯಮ್ಮ ನೀವೇನಾ?”

ಅತ್ತೆ ತಲೆಯಾಡಿಸಿದರು. ಮುದುಕರು ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕೆಳಗೆ ಕೂತರು.

ಅವರು ಹೇಳಿದ್ದು ಇಷ್ಟು. ಅವತ್ತು ಅವರು ಬೆಳಗ್ಗೆ ಫಾರಂ ಕೆಲಸಕ್ಕೆಂದು ಸೈಕಲ್ಲಿನಲ್ಲಿ ಹೊರಟಿದ್ದರು. ಆಗ ಅವರ ಮನೆ ಆ ರಸ್ತೆಯ ಪಕ್ಕದ ಹಳ್ಳಿಯಲ್ಲಿತ್ತು. ಸದ್ದು ಕೇಳಿ ಓಡಿ ಹೋದವರಲ್ಲಿ ಅವರೇ ಮೊದಲಿಗರು. ಸಿಕ್ಕವರನ್ನೆಲ್ಲ ಎಳೆದು ಹೊರಗೆ ಹಾಕಿದರು. ಅತ್ತೆಯನ್ನು ಎಳೆದದ್ದೂ ಅವರೇ. ಬೇರೆಯವರು ಬಂದು ಗಾಯಗೊಂಡವರನ್ನು ಒಂದು ಟೆಂಪೋಗೆ ಹಾಕಿ ಕಳಿಸಿದರು. ಮಾವನ ಕಾಲುಗಳ ಮೇಲೆ ವ್ಯಾನಿನ ಬಾಗಿಲು ಕೂತಿತ್ತು. ಎತ್ತಲು ಆಗಲಿಲ್ಲ.

“ಮಾವನಿಗೆ ಪ್ರಜ್ಞೆ ಇತ್ತಾ?” ಎಂದು ಕೇಳಿದವಳು ನಾನು.

“ಇತ್ತು ಕಣವ್ವ.”

ಅತ್ತೆ ಮುಂದಕ್ಕೆ ಬಾಗಿದರು. “ಸ್ಥಳದಲ್ಲೇ ಹೋದ್ರು ಅಂದಿದ್ರಲ್ಲ ಎಲ್ಲಾರೂ.”

“ಇಲ್ಲ ತಾಯಿ. ಬಿಸ್ಲು ಬರೋಗಂಟ ಇದ್ರು. ತಲೆ ನನ್ ತೊಡೆ ಮ್ಯಾಲೆ ಮಡೀಕಂಡಿದ್ದೆ. ನೀರು ಕೊಟ್ಟೆ, ಎರಡು ಗುಟುಕು ಕುಡುದ್ರು.”

“ಏನಾದ್ರೂ ಅಂದ್ರಾ?”

ಮುದುಕರು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ತೆಗೆದರು.

“ನಿಮ್ಮನ್ನೇ ಕೇಳಿದ್ರು. ಬದ್ಕವ್ರೆ, ಆಸ್ಪತ್ರೆಗೆ ಕಳ್ಸಿದೀವಿ ಅಂದೆ. ‘ಅವಳ ಕೈಗೇನಾಗಿದೆ? ಕೈ ಚೆನ್ನಾಗಿದೆಯಾ?’ ಅಂದ್ರು. ನಾನ್ ನೋಡಿದ್ದೆ ತಾಯಿ. ನಿಮ್ಮನ್ನ ಎಳ್ಯೋವಾಗ ಈ ಕೈ ಹೆಂಗಾಗಿತ್ತು ಅಂತ ನಾನೇ ನೋಡಿದ್ದೆ. ಆದ್ರೂ ‘ಕೈಗೇನೂ ಆಗಿಲ್ಲ ಸ್ವಾಮಿ, ಕೈ ಚಂದಾಗೈತೆ’ ಅಂದ್ಬುಟ್ಟೆ. ಇನ್ನೊಂದ್ ಸಲ ಕೇಳಿದ್ರು. ಇನ್ನೊಂದ್ ಸಲಾನೂ ಹಂಗೇ ಅಂದೆ. ಆಮೇಲೆ ಕಣ್ಮುಚ್ಚಿದ್ರು. ಸಾಯೋ ಮನ್ಸನಿಗೆ ಸುಳ್ಳು ಹೇಳ್ಬುಟ್ನಲ್ಲ ಅಂತ ಇವತ್ತಿನಗಂಟ ನನಗೆ ಒಳಗೇ ಕೊರೀತೈತೆ.”

ಅತ್ತೆ ಎದ್ದರು. ಗೋಡೆ ಹಿಡಿದುಕೊಂಡು ನಡೆದು ಆ ಮುದುಕರ ಮುಂದೆ ಹೋಗಿ ಕೂತರು. ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು, ಆ ಮಡಚದ ಬೆರಳುಗಳ ಸಮೇತ.

“ಸುಳ್ಳು ಅಂತ ಯಾಕಂತೀರಣ್ಣ? ನೀವ್ ಹೇಳಿದ್ದಕ್ಕೇ ನೆಮ್ಮದಿಯಾಗಿ ಹೋದ್ರು. ಒಬ್ರೇ ಇರ್ಲಿಲ್ವಲ್ಲ. ನೀವಿದ್ರಲ್ಲ.”

“ಇದ್ದೆ ಕಣವ್ವ. ಕೊನೇಗಂಟ ಇದ್ದೆ.”

ಗಿಟಾರಿನ ಪೆಟ್ಟಿಗೆ ಪಕ್ಕದ ರಾಗಿ ಹೊಲಕ್ಕೆ ಹಾರಿ ಬಿದ್ದಿತ್ತಂತೆ. ಸಂಜೆ ಅವರು ಮತ್ತೆ ಆ ಜಾಗಕ್ಕೆ ಹೋದಾಗ ಕಂಡಿತು. ಮನೆಗೆ ಒಯ್ದು, ಯಾರಾದರೂ ಕೇಳಿಕೊಂಡು ಬಂದರೆ ಕೊಡೋಣವೆಂದು ಅಟ್ಟದ ಮೇಲಿಟ್ಟರು. ಆಸ್ಪತ್ರೆಯಲ್ಲಿ ವಿಚಾರಿಸಿದರೆ ಆ ಹೆಂಗಸನ್ನು ಬೆಂಗಳೂರಿಗೆ ಕರೆದೊಯ್ದರು ಎಂದರಂತೆ. ಠಾಣೆಗೆ ಕೊಡಲು ಹೆದರಿಕೆ. ಕೊನೆಗೆ ಪೆಟ್ಟಿಗೆ ಗೆದ್ದಲು ಹಿಡಿದು ಹೋಯಿತು, ಗಿಟಾರ್ ಉಳಿಯಿತು. ಮಗ ಮಾರಲು ಹೊರಟದ್ದು ಅವರಿಗೆ ಗೊತ್ತೇ ಇರಲಿಲ್ಲ. ಆ ಯುವಕ ಈಗ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ನಾವು ಹೊರಟಾಗ ಅವನೇ ಗಿಟಾರನ್ನು ಹೊಸ ಬೆಡ್‌ಶೀಟಿನಲ್ಲಿ ಸುತ್ತಿ, ತಂದು ಅತ್ತೆಯ ಮಡಿಲಲ್ಲಿಟ್ಟ.

ಕಾರಿನಲ್ಲಿ ಹೆಬ್ಬೂರಿನವರೆಗೂ ಅತ್ತೆ ಮಗುವನ್ನು ಹಿಡಿದ ಹಾಗೆ ಅದನ್ನು ಹಿಡಿದು ಕೂತಿದ್ದರು. ಆಮೇಲೆ ಅಳಲು ಶುರು ಮಾಡಿದರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಟೆಂಪೋಗೆ ಹಾಕೋ ತನಕ ನಾನೂ ಪಕ್ಕದಲ್ಲೇ ಬಿದ್ದಿದ್ದೆ ಕಣೇ. ಅಷ್ಟು ಹತ್ತಿರ. ಒಂದು ಚೂರು ಪ್ರಜ್ಞೆ ಇದ್ದಿದ್ರೂ ‘ಇದೀನಿ’ ಅನ್ಬೋದಾಗಿತ್ತು.”

ನಾನು ಕಾರು ನಡೆಸಿದೆ.

ಮನೆಗೆ ಬಂದ ಮೇಲೆ ಒದ್ದೆ ಬಟ್ಟೆ ಹಿಡಿದು ಆ ಸುಳ್ಳು ಚೀಟಿಯನ್ನು ನೆನೆಸಿ ಬಿಡಿಸಿದರು. ತಲೆಯ ಮೇಲಿನ ಹೆಸರನ್ನು ಕೆರೆದು ತೆಗೆದರು. ನಾನು ತಂದ ಹೊಸ ತಂತಿಗಳನ್ನು ಹಾಕಿ ಬಿಗಿಗೊಳಿಸಿದರು. ಆಮೇಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಲಗೈಯನ್ನು ಅದರ ಮೇಲೆ ಹಾಕಿದರು. ಅವರು ಬಿಡಿ ತಂತಿಗಳನ್ನು ಒಂದೊಂದಾಗಿ ಮೀಟಿದರು, ದಪ್ಪ ತಂತಿಯಿಂದ ಸಣ್ಣದರವರೆಗೆ. ಪ್ರತಿಯೊಂದೂ ಪೂರ್ತಿ ಆರುವ ತನಕ ಕಾದರು. ಎಡಗೈಯನ್ನು ಗಿಟಾರಿನ ಕತ್ತಿನ ಹತ್ತಿರ ಒಯ್ದು, ತಂತಿಗೆ ಮುಟ್ಟಿಸದೆ, ಹಿಂದಕ್ಕೆ ತೆಗೆದುಕೊಂಡರು.

“ಸಾಕು. ಇನ್ನು ನೀನು ನುಡಿಸು.”

ಅದಾದ ಕೆಲವೇ ತಿಂಗಳಲ್ಲಿ ಅತ್ತೆಯ ಕಣ್ಣು ಹಳದಿಯಾಯಿತು. ಕಾಮಾಲೆ ಎಂದುಕೊಂಡೆವು. ಸ್ಕ್ಯಾನಿನಲ್ಲಿ ಮೇದೋಜೀರಕದ ಗಡ್ಡೆ ಕಂಡಿತು, ಆಪರೇಷನ್ ಮಾಡುವ ಹಂತ ದಾಟಿತ್ತು. ಅವರು ಮನೆಯಲ್ಲೇ ಇರುತ್ತೇನೆಂದರು. ಮಂಚದ ಪಕ್ಕದಲ್ಲಿ ನಾನು ಪ್ರತಿ ಸಂಜೆ ಗಿಟಾರ್ ಹಿಡಿದು ಕೂರುತ್ತಿದ್ದೆ. ಕಾರ್ಯಕ್ರಮ ಶುರುವಾಗುವ ಮೊದಲು ಪರದೆಯ ಹಿಂದೆ ಅತ್ತೆ ಮಾವ ಇಬ್ಬರೇ ನುಡಿಸಿಕೊಳ್ಳುತ್ತಿದ್ದ ಒಂದು ಚಿಕ್ಕ ರಾಗವಿತ್ತು. ಮಾವ ಕಟ್ಟಿದ್ದು. ಅದನ್ನು ಅತ್ತೆ ಬಾಯಲ್ಲಿ ಹೇಳಿ ಹೇಳಿ ನನಗೆ ಕಲಿಸಿದರು. ಧ್ವನಿ ಕ್ಷೀಣವಾದಾಗ ಬಲಗೈ ಚಾಚಿ ನನ್ನ ಬೆರಳುಗಳನ್ನು ತಂತಿಯ ಮೇಲೆ ಕೂರಿಸುತ್ತಿದ್ದರು. ಕೊನೆಯ ವಾರ ಅದಕ್ಕೂ ಶಕ್ತಿ ಇರಲಿಲ್ಲ. ತಪ್ಪಿದಾಗ ಹುಬ್ಬು ಎತ್ತುತ್ತಿದ್ದರು, ಅಷ್ಟೇ. ಒಂದು ಬೆಳಗ್ಗೆ ನಾನು ವಿಭೂತಿ ಹಚ್ಚಲು ಹೋದಾಗ ಹಣೆ ತಣ್ಣಗಿತ್ತು.

ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿ ಸಮಾಧಿ ಮಾಡಿದೆವು. ಕ್ರಿಯೆ ಮಾಡಿಸುತ್ತಿದ್ದ ಅಯ್ನೋರು ಇಷ್ಟಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಲು ನೋಡಿದರು. ಎರಡು ಬೆರಳು ಬಗ್ಗಲಿಲ್ಲ. ಇನ್ನೊಮ್ಮೆ ಒತ್ತಲು ಹೋದಾಗ ನನ್ನ ಬಾಯಿಂದ ಮಾತು ಹೊರಟಿತು.

“ಒತ್ತಬೇಡಿ ಅಯ್ನೋರೆ. ಅವಕ್ಕೆ ನೋವಾಗುತ್ತೆ.”

ಅವರು ನನ್ನನ್ನು ಒಮ್ಮೆ ನೋಡಿ, ಒಂದು ಬಿಳಿ ಬಟ್ಟೆಯನ್ನು ಸಡಿಲವಾಗಿ ಸುತ್ತಿ ಕಟ್ಟಿದರು.

ಅತ್ತೆಯ ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಕುಣಿಗಲ್ಲಿನ ಮುದುಕರು ಮಗನ ಜೊತೆ ಬಂದರು. ಊಟ ಮುಗಿದು ನೆಂಟರೆಲ್ಲ ಹೋದ ಮೇಲೂ ಕೂತೇ ಇದ್ದರು. ಏನೋ ಕೇಳಬೇಕು, ಬಾಯಿ ಬರುತ್ತಿಲ್ಲ ಅನ್ನುವ ಹಾಗೆ.

“ಏನ್ ತಾತ?” ಎಂದೆ.

“ಅದನ್ನ ಒಂಚೂರು ನುಡುಸ್ತೀಯೇನವ್ವ? ಇಷ್ಟು ವರ್ಸ ಮನೇಲಿ ಮಡೀಕಂಡಿದ್ದೆ. ಹೆಂಗ್ ನುಡೀತೈತೆ ಅಂತ ಒಂದಿನಾನೂ ಕೇಳ್ಲಿಲ್ಲ.”

ನಾನು ಗಿಟಾರ್ ತಂದು ಮಾವನ ಆ ಚಿಕ್ಕ ರಾಗ ನುಡಿಸಿದೆ. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಅಂಗೈ ಚಾಚಿಕೊಂಡು ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

“ಆ ಯಮ್ಮನೂ ಹಿಂಗೇ ನುಡುಸ್ತಿದ್ರಾ?”

“ಗೊತ್ತಿಲ್ಲ ತಾತ,” ಎಂದೆ. “ಅವರು ನುಡಿಸಿದ್ದನ್ನ ನಾನೂ ಕೇಳಿಲ್ಲ.”

ಅವರು ಮೆಲ್ಲಗೆ ತಲೆಯಾಡಿಸಿದರು. ಮಗ ಬಸ್ಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತ. ಮುದುಕರು ಏಳಲಿಲ್ಲ. ನಾನು ಮತ್ತೊಮ್ಮೆ ಮೊದಲಿನಿಂದ ನುಡಿಸತೊಡಗಿದೆ.